ಸುಣ್ಣದಗೂಡಿಗೆ ಕೇಳಿಸದ ಡಂಗುರ

ಸುಣ್ಣದಗೂಡಿನ ಜನರಿಗೆ ಕೇಳಿಸಬಾರದೆಂದೇ ಹೊತ್ತು ನೋಡಿ ಡಂಗುರ ಹಾಕಿಸಿದವನು ನಾನು. ಆಮೇಲೆ, ನನಗೇನೂ ಗೊತ್ತಿಲ್ಲ ಎಂದವನೂ ನಾನೇ. ಈ ಎರಡನ್ನೂ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಹೊಟ್ಟೆಯಲ್ಲಿಟ್ಟುಕೊಂಡು ಉಂಡೆ, ಮಲಗಿದೆ, ಎದ್ದೆ. ಕಳೆದ ತಿಂಗಳು ನನ್ನ ಅಕ್ಕ ಆಯನೂರಿನಲ್ಲಿ ತೀರಿಕೊಂಡಳು. ಇದು ಅವಳಿಗೆ ಹೇಳಬೇಕಾಗಿದ್ದ ಮಾತು. ಅವಳಿಗೆ ಹೇಳಲಿಲ್ಲ—ಈಗ ಕಾಗದಕ್ಕೆ ಹೇಳುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ ಎಂಬುದೂ ನನಗೆ ಗೊತ್ತು.

ಎಲ್ಲ ಕೆಡುವುದಕ್ಕೆ ಹಿಂದಿನ ದಿನ ನನಗೆ ಚೆನ್ನಾಗಿ ನೆನಪಿದೆ, ನೆನಪಿಡುವಂಥದ್ದು ಅದರಲ್ಲಿ ಏನೂ ಇರಲಿಲ್ಲವಾದರೂ. ಮಳೆ ಹಿಂದೆ ಸರಿದು ಬಿಸಿಲು ಗಟ್ಟಿಯಾಗಿತ್ತು. ಭದ್ರಾವತಿಯ ಓಲ್ಡ್ ಟೌನಿನಿಂದ ಹೊಳೆಯ ಕಡೆಗೆ ಇಳಿಯುವಲ್ಲಿ ನಮ್ಮ ಕೇರಿ. ಹಿಂದೆ ಅಲ್ಲಿ ಸುಣ್ಣ ಸುಡುತ್ತಿದ್ದರಂತೆ. ಗೂಡು ಕುಸಿದು ಹೆಸರು ಉಳಿದಿತ್ತು. ಆಪಾ—ನಮ್ಮ ಮನೆಗಳಲ್ಲಿ ಅಕ್ಕನನ್ನು ಹಾಗೆ ಕರೆಯುತ್ತೇವೆ—ಅಂಗಳದಲ್ಲಿ ಬಿದಿರ ಗಳಗಳನ್ನು ಕಟ್ಟಿ ಅವುಗಳ ಮೇಲೆ ಹಸಿ ಶ್ಯಾವಿಗೆಯನ್ನು ಎಳೆಎಳೆಯಾಗಿ ನೇತುಹಾಕುತ್ತಿದ್ದಳು. ಬಾಬಯ್ಯನ ಹಬ್ಬ ಹತ್ತಿರವಿತ್ತು. ಮೊಹರಮ್ಮನ್ನು ನಮ್ಮ ಕಡೆ ಹಾಗೆನ್ನುತ್ತಾರೆ. ನಮ್ಮವರು, ಹಿಂದೂಗಳು, ಕಾರ್ಖಾನೆಗೆ ಹೋಗುವ ತಮಿಳರು ಎಲ್ಲರೂ ಸೇರಿ ಮಾಡುತ್ತಿದ್ದರು. ಹುಲಿವೇಷಕ್ಕೆ ಬಣ್ಣ ಬಳಿದುಕೊಂಡ ಒಬ್ಬ ತರುಣ ಶ್ಯಾವಿಗೆಯ ಹತ್ತಿರ ಸುಳಿದಾಗ ಆಪಾ ಕೈಯಲ್ಲಿದ್ದ ಗಳ ಎತ್ತಿದಳು.

"ಹುಲಿ ಆಗಿರೋದು ಹಬ್ಬಕ್ಕೆ ಮಾರಾಯ, ನನ್ನ ಅಂಗಳಕ್ಕಲ್ಲ. ಬಾಲ ಎತ್ಕೊಂಡು ಆ ಕಡೆ ಹೋಗು."

ಅವನು ಬಾಲ ಎತ್ತಿಕೊಂಡೇ ಹೋದ. ಅಷ್ಟೇ. ಅದೇ ಕೊನೆಯ ಸಾಮಾನ್ಯ ದಿನ.

ಆಪಾ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಒಬ್ಬಳು ಮಗಳು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನೂ ಅವಳೇ ಸಾಕಿದಳು. ಓಲ್ಡ್ ಟೌನಿನ ಅಂಗಡಿಗಳಿಗೆ ಅವಳ ಶ್ಯಾವಿಗೆ ಹೋಗುತ್ತಿತ್ತು. ಕೂದಲಿನಷ್ಟು ಸಣ್ಣ, ಬಿಳಿ. ನಾನು ಶಾಲೆ ಕಲಿತದ್ದು ಅದರಿಂದ. ಯಾರ ಮನೆಯ ಅನ್ನಕ್ಕೂ ಕೈಯೊಡ್ಡದೆ ಬದುಕುತ್ತೇನೆ ಎನ್ನುವುದೊಂದೇ ಅವಳಿಗಿದ್ದ ಜಂಬ. ಆಡಿ ತೋರಿಸುತ್ತಿರಲಿಲ್ಲ. ಆದರೆ ಅಂಗಳದಲ್ಲಿ ಗಳಗಳ ಮಧ್ಯೆ ಅವಳು ನಡೆಯುವುದನ್ನು ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು.

ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಹಂಗಾಮಿ ಜವಾನ. ಕಚೇರಿಯ ಹೆಸರು ಬೇಡ. ಆ ವರ್ಷ ಊರಿನ ಕಕ್ಕಸು ಗಾಡಿಗಳು ಹೊಲಸು ತಂದು ಸುರಿಯುವುದಕ್ಕೆ ಹೊಸ ಜಾಗ ಹುಡುಕುತ್ತಿದ್ದರು. ಊರು ಬೆಳೆದಿತ್ತು, ಹಳೆಯ ಗುಂಡಿಗಳು ತುಂಬಿದ್ದವು. ಕಾಗದದಲ್ಲಿ ಅದಕ್ಕೆ ಕಾಂಪೋಸ್ಟ್ ಡಿಪೋ ಎಂದು ಹೆಸರು. ಮೊದಲು ಬಂಗಲೆಗಳ ಹಿಂದಿನ ಬಯಲು ಎಂದರು. ಬಂಗಲೆಯವರು ಟೆಲಿಫೋನ್ ಮಾಡಿದರು. ವಾರ ಕಳೆಯುವುದರೊಳಗೆ ಆ ಬಯಲು ಡಿಪೋಗೆ ಯೋಗ್ಯವಲ್ಲ ಎಂದಾಯಿತು. ಆಮೇಲೆ ಒಂದು ಅಕ್ಕಿ ಗಿರಣಿಯ ಪಕ್ಕ ಎಂದರು. ಗಿರಣಿಯವರು ಬೆಂಗಳೂರಿಗೆ ಹೋಗಿಬಂದರು. ಆ ಜಾಗದ ನೀರಿನ ಮಟ್ಟ ಸರಿಯಿಲ್ಲ ಎಂದಾಯಿತು. ಸುಣ್ಣದಗೂಡಿನಲ್ಲಿ ಟೆಲಿಫೋನ್ ಇರಲಿಲ್ಲ, ಬೆಂಗಳೂರಿನಲ್ಲಿ ನಮಗೆ ಯಾರೂ ಇರಲಿಲ್ಲ. ನಮ್ಮ ಕೇರಿಯ ಪಕ್ಕದ ಜಾಗ ಎಲ್ಲ ರೀತಿಯಿಂದಲೂ ಯೋಗ್ಯವೆಂದು ತೀರ್ಮಾನವಾಯಿತು. ಈ ಯೋಗ್ಯತೆಯನ್ನು ಯಾವ ಎಂಜಿನಿಯರು ಬಂದು ಅಳೆದ ಎಂದು ನಾನು ಇಂದಿಗೂ ಯೋಚಿಸುತ್ತೇನೆ. ನಾನಂತೂ ಅಂಥವನನ್ನು ನೋಡಲಿಲ್ಲ.

ಆದರೆ ನಿಯಮವಿತ್ತು. ಜಾಗದಲ್ಲಿ ಡಂಗುರ ಹಾಕಿಸಬೇಕು, ಅಡ್ಡಿಯಿದ್ದವರು ಇಂತಿಷ್ಟು ದಿನದೊಳಗೆ ಹೇಳಬೇಕು. ಯಾರೂ ಹೇಳದಿದ್ದರೆ ಯಾರಿಗೂ ಅಡ್ಡಿಯಿಲ್ಲ ಎಂದು ಅರ್ಥ. ಈ ಅರ್ಥವನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ!

ಹೆಡ್ ಗುಮಾಸ್ತರು ನನ್ನನ್ನು ಒಳಗೆ ಕರೆದರು. ಅಲ್ಲಿಯವರೆಗೆ ನಾನು ಅವರಿಗೆ "ಏಯ್" ಆಗಿದ್ದೆ. ಅಂದು "ಕರೀಂ ಸಾಬ್ರೆ, ಕೂತ್ಕೊಳ್ಳಿ" ಎಂದರು. ಕುರ್ಚಿಯ ಅಂಚಿನಲ್ಲಿ ಕೂತೆ. ನಿಮ್ಮ ಕೇರಿಯಲ್ಲವೇ, ಜನ ಎಲ್ಲ ಬೀದಿಗೆ ಬಂದಿರುವ ಹೊತ್ತು ಯಾವುದು, ನಾಲ್ಕು ಜನರ ಮುಂದೆ ಡಂಗುರ ಹಾಕಿಸಿದರೆ ನಮಗೂ ಒಳ್ಳೆಯದು, ಎಂದರು. ನನ್ನ ಕೆಲಸ ಕಾಯಂ ಆಗುವ ಕಾಗದವೂ ಮೇಲೆ ಹೋಗಬೇಕಿದೆ ಎಂದು ಅದೇ ಉಸಿರಿನಲ್ಲಿ ಸೇರಿಸಿದರು. ಎರಡಕ್ಕೂ ಸಂಬಂಧವಿದೆ ಎಂದು ಅವರು ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ.

ನಾನು ಹೇಳಿದೆ: "ನಾಳಿದ್ದು ಹಬ್ಬ ಸಾರ್. ನಾಳೆ ಸಂಜೆ ಕೇರಿಯೆಲ್ಲ ಬೀದಿಯಲ್ಲೇ ಇರ್ತದೆ."

ಅವರು ಕನ್ನಡಕದ ಮೇಲಿನಿಂದ ನೋಡಿದರು. "ತಮಟೆ ಎಲ್ಲ ಇರ್ತವಾ?"

"ಬೇಕಾದಷ್ಟು."

ಗೋಡೆಯ ಕ್ಯಾಲೆಂಡರ್ ನೋಡಿದರು. "ರಜೆ ದಿನ ಬೇಡ, ಆಮೇಲೆ ತಕರಾರು ಬರ್ತದೆ. ನಾಳೆಯೇ ಆಗಲಿ. ನೀವೇ ಜೊತೆಗೆ ಹೋಗಿ" ಎಂದರು.

ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ನನ್ನಿಂದ ಒಂದು ಸುಳ್ಳನ್ನೂ ಹೇಳಿಸಲಿಲ್ಲ ನೋಡಿ. ಜನ ಬೀದಿಯಲ್ಲಿರುವ ಹೊತ್ತು ಕೇಳಿದರು, ನಾನು ಜನ ಬೀದಿಯಲ್ಲಿರುವ ಹೊತ್ತು ಹೇಳಿದೆ. ಈ ಕಚೇರಿಗಳ ಜಾಣತನವೇ ಅದು—ಕೊಲ್ಲುವುದನ್ನೂ ನಿಯಮದ ಪ್ರಕಾರವೇ—ಆದರೆ ಇಲ್ಲಿ ಕಚೇರಿಯನ್ನು ಬೈದರೆ ನನ್ನ ಪಾಲು ಕಡಿಮೆಯಾಗುವುದಿಲ್ಲ. ತಮಟೆಯ ಮಧ್ಯೆ ಇನ್ನೊಂದು ತಮಟೆ ಯಾರಿಗೂ ಕೇಳದು ಎಂದು ಅವರಿಗೆ ತಿಳಿಸಿಕೊಟ್ಟವನು ನಾನು. ಬೇರೆ ಯಾರಿಗೂ ಅದು ತಿಳಿಯುತ್ತಿರಲಿಲ್ಲ.

ಡಂಗುರದ ಕೆಲಸ ದುರ್ಗಪ್ಪನದು. ನನಗಿಂತ ಇಪ್ಪತ್ತು ವರ್ಷಕ್ಕಾದರೂ ಹಿರಿಯ. ಪ್ರತಿ ವರ್ಷ ಹಬ್ಬಕ್ಕೂ ಅವನೇ ನಮ್ಮ ಕೇರಿಯಲ್ಲಿ ತಮಟೆ ಹೊಡೆಯುತ್ತಿದ್ದ. ಅವನಿಲ್ಲದೆ ಹುಲಿಗಳು ಕುಣಿಯುತ್ತಿರಲಿಲ್ಲ. ಮರುದಿನ ಸಂಜೆ ಕೇರಿಯ ಬಾಯಿಗೆ ಬಂದಾಗ ಆಗಲೇ ಒಳಗೆ ಏಳೆಂಟು ತಮಟೆಗಳು ಮೊರೆಯುತ್ತಿದ್ದವು. ಅವನು ನಿಂತುಬಿಟ್ಟ.

"ಸಾಬ್ರೆ, ಈ ಗದ್ದಲದಾಗೆ ನನ್ನ ಮಾತು ಯಾರಿಗೆ ಮುಟ್ಟತೈತೆ? ನಾಡಿದ್ದು ಬೆಳಿಗ್ಗೆ ಬರಾಣ."

"ನಿನ್ನ ಕೆಲಸ ಹೊಡೆಯೋದು ದುರ್ಗಪ್ಪ. ಹೊಡಿ."

ನನ್ನ ಬಾಯಿಂದ ಬಂದ ಮಾತು. ಅವನಿಗೆ ನಾನು ಅಂಥ ದನಿಯಲ್ಲಿ ಎಂದೂ ಮಾತಾಡಿರಲಿಲ್ಲ. ಅವನು ಒಮ್ಮೆ ನನ್ನ ಮುಖ ನೋಡಿ, ತಮಟೆ ಎತ್ತಿಕೊಂಡು, ಹೇಳಬೇಕಾದ್ದನ್ನು ಗಂಟಲು ಹರಿಯುವ ಹಾಗೆ ಕೂಗಿದ. ಮೂರು ಕಡೆ ನಿಂತು ಕೂಗಿದ. ಕೈಯಳತೆಯಲ್ಲಿ ನಿಂತ ನನಗೂ ಒಂದು ಮಾತು ಹಿಡಿಯಲಿಲ್ಲ. ಹುಲಿಗಳು ದುರ್ಗಪ್ಪ ಬಂದ ಎಂದು ಓಡಿಬಂದು ಅವನ ಸುತ್ತ ಕುಣಿದವು. ಜನ ಸಿಳ್ಳೆ ಹಾಕಿದರು. ಆಪಾ ಶರಬತ್ತಿನ ತಂಬಿಗೆ ತಂದು ಇಬ್ಬರಿಗೂ ಕೊಟ್ಟಳು. ಈ ವರ್ಷ ಬಹಳ ಚೆನ್ನಾಗಿ ಹೊಡೆದೆ ಎಂದು ದುರ್ಗಪ್ಪನನ್ನು ಹೊಗಳಿದಳು. ಅವನು ತಲೆ ತಗ್ಗಿಸಿ ಕುಡಿದ. ನಾನು ತಲೆಯೆತ್ತಿಯೇ ಕುಡಿದೆ.

ಕಚೇರಿಯ ಕಾಗದದಲ್ಲಿ, ಸ್ಥಳದಲ್ಲಿ ಭಾರೀ ಜನ ಸೇರಿದ್ದರು ಎಂದು ಬಂತು. ಅದೂ ನಿಜವೇ.

ಅವಧಿ ಮುಗಿಯಿತು. ಕೂಲಿಯವರು ಬಂದು ಗುಂಡಿ ತೋಡಿದರು, ಒಂದು ಬೆಳಿಗ್ಗೆ ಗಾಡಿಗಳೂ ಬಂದವು. ಕೇರಿಯವರು ಕಚೇರಿಗೆ ಓಡಿದರು. ಹೆಡ್ ಗುಮಾಸ್ತರು ಬಹಳ ಮರ್ಯಾದೆಯಿಂದ ಮಾತಾಡಿದರು. ಇಂಥ ದಿನ ಡಂಗುರ ಹಾಕಿಸಿದ್ದೇವೆ, ಯಾರೂ ಬರಲಿಲ್ಲ, ಈಗ ಬಂದರೆ ನಾವೇನು ಮಾಡೋಣ ಹೇಳಿ—ಎಂದು ನಮ್ಮವರನ್ನೇ ಕೇಳಿದರು. ನಮ್ಮವರು ಮರಳಿ ಬಂದು ದುರ್ಗಪ್ಪನನ್ನು ಹಿಡಿದು ನಿಲ್ಲಿಸಿದರು. ನೀನು ಬಂದದ್ದು ಹಬ್ಬಕ್ಕೆ, ಹೊಡೆದದ್ದು ಹುಲಿಗೆ, ಡಂಗುರ ಯಾವಾಗ ಹಾಕಿದೆ ಎಂದು ಕೇಳಿದರು. ಹಾಕಿದೆ ಎಂದ. ಯಾರೂ ನಂಬಲಿಲ್ಲ. ಆಗ ಅವನು ನನ್ನ ಕಡೆ ಕೈ ತೋರಿಸಿದ.

"ಇವರ್ನೇ ಕೇಳ್ರಿ. ಪಕ್ಕದಾಗೇ ಇದ್ರು."

ಎಲ್ಲರೂ ತಿರುಗಿದರು. ಆಪಾ ಕೂಡ. ನಾನು ಹೇಳಿದೆ: "ನಾನು ಹಬ್ಬಕ್ಕೆ ಬಂದಿದ್ದೆ. ಡಂಗುರ ನನಗೇನೂ ಕೇಳ್ಲಿಲ್ಲ."

ಕೇಳಿರಲಿಲ್ಲ ತಾನೆ. ನನ್ನ ಕಚೇರಿಯಿಂದ ನಾನು ಕಲಿತ ವಿದ್ಯೆ ಅದು. ದುರ್ಗಪ್ಪ ಹೆಗಲ ವಸ್ತ್ರ ಕೊಡವಿಕೊಂಡು ಹೊರಟುಹೋದ. ಕೂಲಿ ತಿಂದು ಕೇರಿಗೆ ಮೋಸ ಮಾಡಿದವನು ಎಂದು ಅವನಿಗೆ ಹೆಸರು ಬಂತು. ಮುಂದಿನ ಹಬ್ಬಕ್ಕೆ ಬೇರೆ ಕಡೆಯಿಂದ ತಮಟೆಯವರನ್ನು ಕರೆಸಿದರು.

ನೊಣಗಳ ವಿಷಯ ನಾನು ಹೇಳಲೇಬೇಕು. ವಾಸನೆಗೆ ಮನುಷ್ಯ ಹೊಂದಿಕೊಳ್ಳುತ್ತಾನೆ, ನಾಚಿಕೆಗೇಡಿನ ಮಾತಾದರೂ ನಿಜ. ನೊಣಕ್ಕೆ ಹೊಂದಿಕೊಳ್ಳುವುದು ಆಗದು. ಗಳದ ಮೇಲೆ ನೇತುಹಾಕಿದ ಬಿಳಿ ಶ್ಯಾವಿಗೆ ಗಳಿಗೆಯೊಳಗೆ ಕಪ್ಪಾಗುತ್ತಿತ್ತು. ಆಪಾ ಹಳೆಯ ಪಂಚೆಗಳನ್ನು ಹೊಲಿದು ಪರದೆ ಮಾಡಿದಳು. ಒಳಗೆ ಗಾಳಿಯಾಡದೆ ಶ್ಯಾವಿಗೆ ಹುಳಿ ಬಂತು. ಅಡುಗೆಮನೆಯಲ್ಲಿ ಒಣಹಾಕಿದಳು, ಹೊಗೆ ಹಿಡಿಯಿತು. ಅಂಗಡಿಯವರು ಒಳ್ಳೆಯವರೇ. ಆದರೂ ಸುಣ್ಣದಗೂಡಿನ ಶ್ಯಾವಿಗೆಯೇ ಎಂದು ಗಿರಾಕಿಗಳು ಕೇಳುತ್ತಾರೆ ಬೀಬಮ್ಮ, ಸ್ವಲ್ಪ ದಿನ ಬೇಡ ಎಂದರು. ಸ್ವಲ್ಪ ದಿನ.

ಅವಳು ಸುಮ್ಮನೆ ಕೂರಲಿಲ್ಲ. ಹೆಂಗಸರನ್ನು ಕಟ್ಟಿಕೊಂಡು ಗಾಡಿಗಳ ದಾರಿಯಲ್ಲಿ ಕೂತಳು. ಗಾಡಿ ಹೊಡೆಯುವವನೊಬ್ಬ ಕೆಳಗಿಳಿದು, ನಮ್ಮ ಗುಡಿಸಲು ಡಿಪೋ ಒಳಗೇ ಹಾಕಿಕೊಟ್ಟಿದ್ದಾರೆ ತಾಯಿ, ನಾವು ಯಾರ ದಾರಿಯಲ್ಲಿ ಕೂರೋಣ ಎಂದ. ಆಪಾ ಎದ್ದು ದಾರಿ ಬಿಟ್ಟಳು. ಆಮೇಲೆ ಅವಳ ಜಗಳ ಗಾಡಿಯ ಜೊತೆಗಲ್ಲ, ಕಚೇರಿಯ ಜೊತೆಗೆ ಮಾತ್ರ.

ಆ ಕಚೇರಿಯ ಜೊತೆಗಿನ ಜಗಳವನ್ನು ಒಳಗಿನಿಂದ ನೋಡಿದವನು ನಾನು. ನೋಡಿ ನೋಡಿ ಬೇಸತ್ತೆ. ಎದುರು ನಿಂತು ಇಲ್ಲವೆಂದು ಯಾರೂ ಹೇಳುತ್ತಿರಲಿಲ್ಲ. ಇದು ತಾತ್ಕಾಲಿಕ ಎಂದರು. ಕೇರಿಯ ಮೇಲುಗಡೆಗೆ ಒಂದು ಕೊಳಾಯಿ ಹಾಕಿಸಿದರು; ಮೇಲುಗಡೆಯವರು ಸುಮ್ಮನಾದರು, ಕೆಳಗಡೆಯವರು ಮೇಲುಗಡೆಯವರನ್ನು ಬೈಯತೊಡಗಿದರು. ಹೆಚ್ಚು ಕೂಗಾಡುತ್ತಿದ್ದ ಒಬ್ಬನ ಭಾವಮೈದುನನಿಗೆ ಎಲ್ಲೋ ಕೆಲಸವಾಯಿತು, ಅವನ ಗಂಟಲು ಕಟ್ಟಿತು. ತನಿಖೆಗೆಂದು ಒಬ್ಬ ಸಾಹೇಬರು ಬಂದದ್ದು ಚಳಿಗಾಲದಲ್ಲಿ, ಗಾಳಿ ಆಚೆ ಕಡೆಗೆ ಬೀಸುವಾಗ. ಮೂಗು ಮುಚ್ಚಲು ತಂದಿದ್ದ ಕರವಸ್ತ್ರದಲ್ಲಿ ಕನ್ನಡಕ ಒರೆಸಿಕೊಂಡು, ನನಗೆ ಏನೂ ವಾಸನೆಯಿಲ್ಲವಲ್ಲ ಎಂದರು. ಮಳೆ ಬಿದ್ದ ಮೇಲೆ ಬನ್ನಿ ಸ್ವಾಮಿ ಎಂದು ಆಪಾ ಕೇಳಿಕೊಂಡಳು. ಮಳೆ ಬಿದ್ದಾಗ ಅವರಿಗೆ ವರ್ಗವಾಗಿತ್ತು. ಹೊಸಬರಿಗೆ ಮೊದಲಿನಿಂದ ಹೇಳಬೇಕು. ಅವಳು ಹೇಳುತ್ತಿದ್ದಳು, ಪ್ರತಿ ಸಲವೂ ಮೊದಲಿನಿಂದಲೇ, ಸ್ವರ ಏರಿಸದೆ. ಬಾಗಿಲಲ್ಲಿ ನಿಂತ ನನಗೆ ಅವಳ ಮೇಲೂ ಸಿಟ್ಟು ಬರುತ್ತಿತ್ತು—ಇನ್ನೂ ನಂಬುತ್ತಾಳಲ್ಲ, ಇನ್ನೂ ಬರುತ್ತಾಳಲ್ಲ ಎಂದು. ಸಿಟ್ಟು ಬರುವುದಕ್ಕೆ ನನಗೇನು ಹಕ್ಕಿತ್ತೋ.

ಕೊನೆಗೆ ಶಿವಮೊಗ್ಗದಲ್ಲಿ ಒಬ್ಬ ದೊಡ್ಡ ಸಾಹೇಬರು ವಿಚಾರಣೆ ಇಟ್ಟರು. ನಮ್ಮ ಹೆಡ್ ಗುಮಾಸ್ತರ ಜೊತೆ ಫೈಲು ಹೊತ್ತು ನಾನೂ ಹೋಗಬೇಕಾಯಿತು. ಅದೇ ರೈಲಿನಲ್ಲಿ ಆಪಾ ಮತ್ತು ಕೇರಿಯ ಐದಾರು ಮಂದಿ. ಸ್ಟೇಷನ್ನಿನಲ್ಲಿ ಅವಳು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು: "ಅಲ್ಲಿ ನಾನು ಯಾರೋ ನೀನು ಯಾರೋ. ನಿನ್ನ ಕೆಲಸ ನೆಟ್ಟಗಿರಲಿ."

ಒಬ್ಬರು ಮಾತ್ರ ಒಳಗೆ ಬನ್ನಿ ಎಂದರು. ಕೇರಿಯವರು ಆಪಾಳನ್ನೇ ಕಳಿಸಿದರು. ಸಾಹೇಬರು ವಯಸ್ಸಾದವರು, ನಿಜವಾಗಿ ಕಿವಿಗೊಟ್ಟರು. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಆಪಾ ಹೇಳಿದಳು: "ಊರಿನ ಹೊಲಸು ಎಲ್ಲೂ ಹೋಗಬಾರ್ದು ಅಂತ ನಾವು ಹೇಳ್ತಿಲ್ಲ ಸ್ವಾಮಿ. ಅದ್ರಲ್ಲಿ ನಮ್ಮದೂ ಇದೆ. ಇಲ್ಲಿ ಹಾಕ್ತೀವಿ ಅಂತ ಮೊದ್ಲು ನಮಗೊಂದು ಮಾತು ಹೇಳ್ಬೇಕಿತ್ತು. ಅಷ್ಟೇ."

ಡಂಗುರ ಹಾಕಿಸಿದ್ದಾರಲ್ಲಮ್ಮ ಎಂದರು ಸಾಹೇಬರು. ಹಬ್ಬದ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ ಎಂದಳು. ಅವರು ಹೆಡ್ ಗುಮಾಸ್ತರ ಕಡೆ ತಿರುಗಿದರು. ಇವರು, ರಜೆ ಮರುದಿನವಿತ್ತು ಸಾರ್, ಹಿಂದಿನ ದಿನವೂ ಅಲ್ಲಿ ಗದ್ದಲವಿರುತ್ತದೆ ಎಂದು ನಮಗೆ ಹೇಗೆ ತಿಳಿಯಬೇಕು ಎಂದರು.

ಸಾಹೇಬರು ಪೆನ್ನು ಕೆಳಗಿಟ್ಟರು. "ತಿಳಿದೂ ಮಾಡಿದ್ದಾದ್ರೆ ಎಲ್ಲಾನೂ ಮೊದಲಿಂದ ಮಾಡಿಸ್ತೀನಿ. ಆ ಕೇರಿಯೋರು ಯಾರಾದ್ರೂ ನಿಮ್ಮ ಕಚೇರಿಯಲ್ಲಿ ಇದ್ದಾರೇನ್ರಿ?"

"ಇಲ್ಲ ಸಾರ್" ಎಂದರು ಹೆಡ್ ಗುಮಾಸ್ತರು.

ನಾನು ಅವರ ಕುರ್ಚಿಯ ಹಿಂದೆಯೇ ನಿಂತಿದ್ದೆ. ಸಾಹೇಬರು ಆಪಾಳ ಕಡೆ ನೋಡಿದರು. "ಇದ್ದರೆ ನೀವು ಹೇಳಿಯಮ್ಮ."

ಅವಳು ಒಂದು ಬೆರಳು ಎತ್ತಿದ್ದರೆ ಸಾಕಾಗಿತ್ತು. ನಾನು ಒಂದು ಹೆಜ್ಜೆ ಮುಂದೆ ಬಂದಿದ್ದರೂ ಸಾಕಾಗಿತ್ತು. ಆಪಾ ನೆಲ ನೋಡಿದಳು, ಸೆರಗು ಸರಿಮಾಡಿಕೊಂಡಳು, ಯಾರೂ ಇಲ್ಲ ಸ್ವಾಮಿ ಎಂದಳು. ಹೊರಗೆ ಕೂತು ಬಟ್ಟೆಯ ಪಂಖದ ಹಗ್ಗ ಎಳೆಯುವವನು ಕೆಮ್ಮಿದ. ಸಾಹೇಬರು ಮತ್ತೆ ಪೆನ್ನು ತೆಗೆದುಕೊಂಡು, ಡಂಗುರ ನಿಯಮದ ಪ್ರಕಾರವೇ ಆಗಿದೆ, ಡಿಪೋ ಅಲ್ಲೇ ಇರಲಿ ಎಂದು ಬರೆದರು.

ಮರಳುವ ರೈಲಿನಲ್ಲಿ ಅವಳು ನನ್ನ ಪಕ್ಕ ಬಂದು ಕೂತಳು. "ನಿನ್ನ ಹೆಸರು ಬಾಯಿ ತನಕ ಬಂದಿತ್ತು ಕಣೋ. ನುಂಗಿಕೊಂಡೆ. ಪಾಪ, ನಿನಗೇನು ಗೊತ್ತು" ಎಂದಳು.

ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಆಗಲಾದರೂ—ರೈಲು ತುಂಗೆಯ ಕಡೆಯಿಂದ ಭದ್ರೆಯ ಕಡೆಗೆ ಬರುವಷ್ಟು ಹೊತ್ತು ಇತ್ತು. ಹೇಳಲು ಬೇಕಾದದ್ದು ಮೂರು ಮಾತು. ಹೇಳಲಿಲ್ಲ. ಆ ವರ್ಷವೇ ನನ್ನ ಕೆಲಸ ಕಾಯಂ ಆಯಿತು. ಆಪಾ ಕೇರಿಗೆಲ್ಲ ಸಕ್ಕರೆ ಹಂಚಿದಳು.

ಇನ್ನೊಂದು ವರ್ಷ ಹೇಗೋ ಎಳೆದಳು. ನನ್ನ ಸಂಬಳದಲ್ಲಿ ಇರು ಎಂದೆ. ನಿನಗೂ ಹೆಂಡತಿ ಮಕ್ಕಳು ಬರುತ್ತಾರೆ ಎಂದಳು. ಕೊನೆಗೆ ಮಗಳನ್ನು ಕೊಟ್ಟ ಆಯನೂರಿಗೆ, ಅಳಿಯನ ಮನೆಗೆ ಹೋದಳು. ಅಳಿಯ ಲಾರಿ ಓಡಿಸುವವನು, ಕೆಟ್ಟವನಲ್ಲ. ಆದರೂ ಅಲ್ಲಿ ಹೋದಾಗಲೆಲ್ಲ ನೋಡುತ್ತಿದ್ದೆ—ಆಪಾ ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದಳು, ಎರಡನೆಯ ಸಲ ಬಡಿಸಿಕೊಳ್ಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹಾಗೆ ಉಂಡವಳಲ್ಲ. ನನಗೆ ತಿಳಿಯುತ್ತಿತ್ತು. ಬಸ್ಸು ಹತ್ತಿ ಬರುತ್ತಿದ್ದೆ.

ಜ್ವರ ಬಂದು ನಾಲ್ಕೇ ದಿನಕ್ಕೆ ಹೋದಳು. ಸುದ್ದಿ ಮುಟ್ಟಿ ನಾನು ಹೋದಾಗ ಮಾತು ನಿಂತಿತ್ತು, ಕಣ್ಣು ಮಾತ್ರ ತೆರೆದಿತ್ತು. ಆಗ ಹೇಳಬಹುದಿತ್ತೇನೋ. ಮನೆ ತುಂಬ ಜನ. ಜನರೆದುರು ಹೇಗೆ ಎಂದು ಆಗಲೂ ನಾನು ನನ್ನ ಮರ್ಯಾದೆಯನ್ನೇ ಲೆಕ್ಕ ಹಾಕಿದೆ.

ಮಣ್ಣು ಮಾಡಿ ಬಂದ ಮೇಲೆ ದುರ್ಗಪ್ಪನ ಗುಡಿಸಲಿಗೆ ಹೋದೆ. ಅವನಿಗೆ ಕಣ್ಣು ಮಂಜಾಗಿದೆ, ದನಿಯಿಂದ ಗುರುತು ಹಿಡಿದ. ಎಲ್ಲ ಹೇಳಿದೆ. ಅವನಿಗೆ ಗೊತ್ತಿಲ್ಲದ್ದು ಅದರಲ್ಲಿ ಏನೂ ಇರಲಿಲ್ಲ. ಒಂದೇ ಪ್ರಶ್ನೆ ಕೇಳಿದ.

"ಬೀಬಮ್ಮಂಗೆ ಹೇಳಿದ್ರಾ?"

"ಇಲ್ಲ" ಎಂದೆ. ಅವನು ಗೋಡೆಯ ಕಡೆ ತಿರುಗಿ ಮಲಗಿಕೊಂಡ.

ಶುಕ್ರವಾರ ನಮಾಜಿನ ನಂತರ ಕೇರಿಯವರೆದುರು ನಿಂತು ಹೇಳಿದೆ. ದುರ್ಗಪ್ಪ ಸುಳ್ಳು ಹೇಳಿರಲಿಲ್ಲ, ಹೇಳಿದವನು ನಾನು ಎಂದೆ. ಹಿರಿಯರಲ್ಲಿ ಅರ್ಧ ಜನ ಈಗ ಇಲ್ಲ. ಕೆಲವರು ಎದ್ದು ಹೋದರು. ಒಬ್ಬ, ಹಾಗಾದರೆ ಈಗ ಡಿಪೋ ತೆಗೆಯುತ್ತಾರಾ ಎಂದು ಕೇಳಿದ. ಇಲ್ಲ ಎಂದೆ. ಅಂದು ತಾತ್ಕಾಲಿಕ ಎಂದದ್ದಕ್ಕೆ ಈಗ ಸುತ್ತ ಕಲ್ಲಿನ ಗೋಡೆ ಕಟ್ಟಿದ್ದಾರೆ. ಹಬ್ಬಕ್ಕೆ ದುರ್ಗಪ್ಪನನ್ನು ಮತ್ತೆ ಕರೆಯಲು ನಾಲ್ಕು ಜನ ಹೋಗಿದ್ದರು. ಅವನು ಬರಲಿಲ್ಲ. ಬರಬೇಕಾಗಿಯೂ ಇಲ್ಲ.

ನಾಳೆ ಶಿವಮೊಗ್ಗಕ್ಕೆ ಹೋಗುತ್ತೇನೆ. ಆ ಸಾಹೇಬರು ಈಗ ಅಲ್ಲಿಲ್ಲ. ಯಾರಿದ್ದಾರೋ ಅವರೆದುರು ನಿಂತು, ಆ ಕೇರಿಯವನೊಬ್ಬ ಆ ಕಚೇರಿಯಲ್ಲಿದ್ದ, ಅವನು ನಾನು ಎಂದು ಹೇಳುತ್ತೇನೆ. ಕೆಲಸ ಹೋಗಬಹುದು. ಅವಧಿ ಮುಗಿದಿದೆ ಎಂದು ಅವರು ಹೇಳಬಹುದು, ಬಹಳ ಮರ್ಯಾದೆಯಿಂದಲೇ ಹೇಳಬಹುದು.

ಕೇರಿಯವರು ನನ್ನನ್ನು ಬೈದರು. ನನ್ನ ಹೆಂಡತಿ ಬೈದಳು. ಆಪಾಳ ಮಗಳು ಬೈದು, ಇನ್ನು ನಮ್ಮ ಮನೆಗೆ ಬರಬೇಡ ಎಂದಳು. ಮೊದಲು ಬೈಯಬೇಕಾಗಿದ್ದವಳು ಆಪಾ. ಅವಳು ಇಲ್ಲ.